ಔಷಧ ಪರೀಕ್ಷೆಗಾಗಿ ಮಾನವ ಅಂಗಗಳ ಪ್ರಯೋಗಾಲಯ ಮಾದರಿಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಮಾತುಕತೆಗಳಲ್ಲಿ ಮತ್ತು ಪತ್ರಗಳಲ್ಲಿ ಮತ್ತೆ ಮತ್ತೆ ಎದುರಾಗುವ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲಿಯೇ ಇಟ್ಟುಕೊಂಡು ಇಲ್ಲಿ ಉತ್ತರಿಸಲಾಗಿದೆ. ಮೊದಲ ಭಾಗವನ್ನು ಓದಲು ಜೀವಶಾಸ್ತ್ರದ ಹಿನ್ನೆಲೆ ಬೇಕಿಲ್ಲ. ಕೊನೆಯ ಭಾಗವು ಈ ಕ್ಷೇತ್ರಕ್ಕೆ ಕಾಲಿಡುತ್ತಿರುವ ವಿದ್ಯಾರ್ಥಿಗಳಿಗೂ ಉಪಯೋಗಕ್ಕೆ ಬಂದೀತು.

## ಆರಂಭದ ಪ್ರಶ್ನೆಗಳು

ಪ್ರಯೋಗಾಲಯದಲ್ಲಿ ನಿಜವಾಗಿಯೂ ಯಕೃತ್ತು, ಹೃದಯ ಎಲ್ಲ ಬೆಳೆಸುತ್ತಾರೆಯೇ?

ಇಡೀ ಅಂಗವನ್ನು ಬೆಳೆಸುವುದಿಲ್ಲ. ಅಂಗದ ಒಂದೆರಡು ಕೆಲಸಗಳನ್ನು ಮಾಡಬಲ್ಲ ಅಂಗಾಂಶದ ತುಣುಕನ್ನು ಮಾನವ ಜೀವಕೋಶಗಳಿಂದ ಕಟ್ಟುತ್ತಾರೆ. ಯಕೃತ್ತಿನ ಮಾದರಿಯೊಂದು ಔಷಧವನ್ನು ಒಡೆಯಬಲ್ಲದು, ಆಲ್ಬುಮಿನ್ ಎಂಬ ಪ್ರೋಟೀನನ್ನು ಸ್ರವಿಸಬಲ್ಲದು, ವಿಷ ತಗುಲಿದಾಗ ಸಾಯಬಲ್ಲದು. ಆದರೆ ಅದನ್ನು ರೋಗಿಗೆ ಕಸಿ ಮಾಡಲು ಬರುವುದಿಲ್ಲ. ಮಾದರಿ ಕಟ್ಟುವವರು ಮೊದಲು ನಿರ್ಧರಿಸಬೇಕಾದದ್ದು, ಪರೀಕ್ಷೆಗೆ ಬಂದಿರುವ ಔಷಧದ ವಿಚಾರದಲ್ಲಿ ಆ ಅಂಗದ ಯಾವ ಕೆಲಸ ತಮಗೆ ಕಾಣಬೇಕು ಎಂಬುದನ್ನು. ಆ ಒಂದು ಕೆಲಸ ಸರಿಯಾಗಿ ಮೂಡಿಬಂದರೆ ಉಳಿದ ಹತ್ತು ಕೆಲಸಗಳು ಇಲ್ಲದಿದ್ದರೂ ಮಾದರಿ ಉಪಯುಕ್ತವೇ. ಅದೊಂದು ಇಲ್ಲದಿದ್ದರೆ, ಸೂಕ್ಷ್ಮದರ್ಶಕದ ಚಿತ್ರ ಎಷ್ಟೇ ಸುಂದರವಾಗಿದ್ದರೂ ಅದು ಉಪಯೋಗಕ್ಕಿಲ್ಲ.

ಆರ್ಗನಾಯ್ಡ್ ಎಂದರೂ ಚಿಪ್ ಮೇಲಿನ ಅಂಗ ಎಂದರೂ ಒಂದೇ ಅಲ್ಲವೇ?

ಎರಡರ ಉದ್ದೇಶ ಒಂದೇ, ಹುಟ್ಟಿನ ದಾರಿ ಬೇರೆ. ಆರ್ಗನಾಯ್ಡ್ ತನ್ನನ್ನು ತಾನೇ ಕಟ್ಟಿಕೊಳ್ಳುತ್ತದೆ: ಆಕರಕೋಶಗಳನ್ನು (ಬಗೆಬಗೆಯ ಕೋಶಗಳಾಗಬಲ್ಲ ಸ್ಟೆಮ್ ಸೆಲ್‌ಗಳನ್ನು) ಮೆತ್ತನೆಯ ಜೆಲ್‌ನಲ್ಲಿಟ್ಟು ಸೂಕ್ತ ಸಂಕೇತ ಪ್ರೋಟೀನುಗಳನ್ನು ಒದಗಿಸಿದರೆ, ಅವು ವಿಭಜನೆಗೊಂಡು, ಬಗೆಬಗೆಯ ಕೋಶಗಳಾಗಿ ಮಾರ್ಪಟ್ಟು, ಅಂಗದ ಒಳವಿನ್ಯಾಸವನ್ನು ಹೋಲುವ ಪುಟ್ಟ ಉಂಡೆಯಾಗುತ್ತವೆ. 2009ರಲ್ಲಿ ನೆದರ್‌ಲ್ಯಾಂಡ್ಸ್‌ನಲ್ಲಿ ಹಾನ್ಸ್ ಕ್ಲೆವರ್ಸ್ ಅವರ ಪ್ರಯೋಗಾಲಯದಲ್ಲಿ ತೋಶಿರೊ ಸಾತೊ ಮತ್ತು ಸಂಗಡಿಗರು ಇಲಿಯ ಕರುಳಿನ ಆಕರಕೋಶದಿಂದ ಹೀಗೆ ಕರುಳಿನ ಆರ್ಗನಾಯ್ಡ್ ಬೆಳೆಸಿ ತೋರಿಸಿದ್ದು ಈ ಕ್ಷೇತ್ರಕ್ಕೆ ದೊಡ್ಡ ತಿರುವು ಕೊಟ್ಟಿತು.

ಚಿಪ್ ಎಂದರೆ ಕೋಶಗಳನ್ನು ಬೆಳೆಸಲು ಸಣ್ಣ ಕಾಲುವೆಗಳನ್ನು ಮೂಡಿಸಿದ ಪುಟ್ಟ ತುಂಡು; ಅದರಲ್ಲಿ ವಿನ್ಯಾಸವನ್ನು ಮಾಡುವವರು ಎಂಜಿನಿಯರುಗಳು. ಯಾವ ಕೋಶ ಎಲ್ಲಿರಬೇಕು, ದ್ರವ ಯಾವ ವೇಗದಲ್ಲಿ ಹರಿಯಬೇಕು, ಪೊರೆ ಎಷ್ಟು ಹಿಗ್ಗಬೇಕು ಎಂಬುದೆಲ್ಲ ಮೊದಲೇ ನಿರ್ಧಾರವಾಗಿರುತ್ತದೆ. ಆರ್ಗನಾಯ್ಡ್‌ನಲ್ಲಿ ಜೈವಿಕ ಸಂಕೀರ್ಣತೆ ಹೆಚ್ಚು, ಹಿಡಿತ ಕಡಿಮೆ. ಚಿಪ್‌ನಲ್ಲಿ ಹಿಡಿತ ಹೆಚ್ಚು, ಸಂಕೀರ್ಣತೆ ಕಡಿಮೆ. ಈಚಿನ ವರ್ಷಗಳಲ್ಲಿ ಆರ್ಗನಾಯ್ಡ್‌ನಿಂದ ತೆಗೆದ ಕೋಶಗಳನ್ನೇ ಚಿಪ್‌ನಲ್ಲಿ ಹರಡಿ ಬೆಳೆಸುವ ಪದ್ಧತಿಯೂ ಬಂದಿರುವುದರಿಂದ ಈ ಗಡಿ ಮಸುಕಾಗುತ್ತಿದೆ.

ಇಷ್ಟು ವರ್ಷ ಇಲಿ, ನಾಯಿ, ಕೋತಿಗಳ ಮೇಲೆ ಪರೀಕ್ಷಿಸಿಯೇ ಔಷಧಗಳು ಬಂದಿವೆ. ಈಗ ಇದೆಲ್ಲ ಏಕೆ ಬೇಕು?

ಪ್ರಾಣಿಗಳಲ್ಲಿ ಭರವಸೆ ಹುಟ್ಟಿಸಿ ಮಾನವ ಪ್ರಯೋಗದ ಹಂತಕ್ಕೆ ಬಂದ ಔಷಧಗಳ ಪೈಕಿ ಸುಮಾರು ಶೇ. 90ರಷ್ಟು ಮಾರುಕಟ್ಟೆ ತಲುಪುವುದೇ ಇಲ್ಲ. ಎಲ್ಲ ಸೋಲಿಗೂ ಪ್ರಾಣಿಗಳೇ ಕಾರಣವಲ್ಲ. ಆದರೆ ಕೆಲವು ಸೋಲುಗಳಿಗೆ ಜಾತಿ ಜಾತಿಯ ನಡುವಿನ ವ್ಯತ್ಯಾಸವೇ ನೇರ ಕಾರಣವೆಂದು ಆಮೇಲೆ ಗೊತ್ತಾಗಿದೆ.

ಎರಡು ಉದಾಹರಣೆಗಳನ್ನು ನೋಡಬಹುದು. ಹೆಪಟೈಟಿಸ್ ಬಿ ಕಾಯಿಲೆಗೆಂದು ತಯಾರಾದ ಫಿಯಾಲುರಿಡಿನ್ ಎಂಬ ಔಷಧವನ್ನು 1993ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ 15 ರೋಗಿಗಳಿಗೆ ಕೊಡಲಾಯಿತು. ಏಳು ಮಂದಿಯ ಯಕೃತ್ತು ತೀವ್ರವಾಗಿ ಹಾಳಾಯಿತು. ಐವರು ತೀರಿಕೊಂಡರು, ಇನ್ನಿಬ್ಬರು ಯಕೃತ್ತಿನ ಕಸಿಯಿಂದ ಬದುಕುಳಿದರು. ಅದಕ್ಕೆ ಮುನ್ನ ನಡೆದ ಪ್ರಾಣಿ ಪರೀಕ್ಷೆಗಳು ಈ ಅಪಾಯವನ್ನು ಸೂಚಿಸಿರಲಿಲ್ಲ. ಔಷಧವನ್ನು ಕೋಶಕ್ಕೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯಾದೊಳಕ್ಕೆ ಸಾಗಿಸುವ ಒಂದು ಪ್ರೋಟೀನು ಮನುಷ್ಯರಲ್ಲಿ ಮೈಟೊಕಾಂಡ್ರಿಯಾದ ಪೊರೆಯ ಮೇಲೆ ಇರುತ್ತದೆ, ಇಲಿಗಳಲ್ಲಿ ಅಲ್ಲಿರುವುದಿಲ್ಲ ಎಂಬುದು ಬಹಳ ತಡವಾಗಿ ಬೆಳಕಿಗೆ ಬಂತು.

2006ರಲ್ಲಿ ಲಂಡನ್ನಿನಲ್ಲಿ ಟಿಜಿಎನ್1412 ಎಂಬ ಪ್ರತಿಕಾಯವನ್ನು ಪಡೆದ ಆರು ಮಂದಿ ಆರೋಗ್ಯವಂತ ಸ್ವಯಂಸೇವಕರು ಕೆಲವೇ ಗಂಟೆಗಳಲ್ಲಿ ತೀವ್ರ ನಿಗಾ ಘಟಕ ಸೇರಬೇಕಾಯಿತು. ಅವರಿಗೆ ಕೊಟ್ಟದ್ದು ಕೋತಿಗಳು ತೊಂದರೆಯಿಲ್ಲದೆ ತಾಳಿಕೊಂಡ ಪ್ರಮಾಣದ 500ರಲ್ಲಿ ಒಂದು ಪಾಲು ಮಾತ್ರ. ಔಷಧ ಹಿಡಿದುಕೊಳ್ಳಬೇಕಾದ ಗ್ರಾಹಿಯು ಮಾನವರ ಒಂದು ಬಗೆಯ ಟಿ ಕೋಶಗಳ (ಪ್ರತಿರಕ್ಷಣಾ ಕೋಶಗಳ) ಮೇಲಿದ್ದು, ಆ ಕೋತಿಗಳ ಅದೇ ಬಗೆಯ ಕೋಶಗಳ ಮೇಲೆ ಇರಲಿಲ್ಲ. ಪ್ರಾಣಿಗಳ ಸಂಖ್ಯೆಯನ್ನು ಹೆಚ್ಚಿಸಿದ್ದರೂ ಇಂಥ ವ್ಯತ್ಯಾಸ ಬಯಲಾಗುತ್ತಿರಲಿಲ್ಲ.

ಇದಕ್ಕೆಲ್ಲ ಜೀವಕೋಶಗಳು ಎಲ್ಲಿಂದ ಬರುತ್ತವೆ?

ಮೂರು ಮೂಲಗಳಿವೆ. ಮೊದಲನೆಯದು, ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ಅಥವಾ ಕಸಿಗೆ ಒದಗದೆ ಉಳಿದ ಅಂಗಗಳಿಂದ, ಒಪ್ಪಿಗೆ ಪಡೆದು ಬೇರ್ಪಡಿಸಿದ ಕೋಶಗಳು. ಯಕೃತ್ತಿನ ಮಾದರಿಗಳಿಗೆ ಇಂದಿಗೂ ಇವೇ ಮೇಲ್ಮಟ್ಟದವು, ಆದರೆ ಒಬ್ಬ ದಾನಿಯ ಕೋಶಗಳು ಮುಗಿದರೆ ಮುಗಿದಂತೆ. ಎರಡನೆಯದು, ಗಡ್ಡೆಗಳಿಂದ ಬಂದು ಕೊನೆಯಿಲ್ಲದೆ ಬೆಳೆಯುವ ಕೋಶಸಂತತಿಗಳು. ಇವು ಅಗ್ಗ, ಹಾಗೆಯೇ ಮೂಲ ಅಂಗದ ಗುಣಗಳನ್ನು ಬಹುಮಟ್ಟಿಗೆ ಕಳೆದುಕೊಂಡವು. ಮೂರನೆಯದು ಪ್ರೇರಿತ ಬಹುಶಕ್ತ ಆಕರಕೋಶಗಳು. ಚರ್ಮದ ಅಥವಾ ರಕ್ತದ ಕೋಶವನ್ನು ಭ್ರೂಣದ ಆರಂಭಾವಸ್ಥೆಯಂಥ ಸ್ಥಿತಿಗೆ ಮರಳಿಸುವ ಈ ವಿಧಾನವನ್ನು ಶಿನ್ಯಾ ಯಮನಾಕ 2006ರಲ್ಲಿ ಇಲಿಯ ಕೋಶಗಳಲ್ಲಿಯೂ 2007ರಲ್ಲಿ ಮಾನವ ಕೋಶಗಳಲ್ಲಿಯೂ ಸಾಧಿಸಿ ತೋರಿಸಿದರು. 2012ರ ನೊಬೆಲ್ ಪ್ರಶಸ್ತಿಯನ್ನು ಜಾನ್ ಗರ್ಡನ್ ಅವರೊಂದಿಗೆ ಹಂಚಿಕೊಂಡರು. ಒಬ್ಬನೇ ವ್ಯಕ್ತಿಯ ಹೃದಯ, ಯಕೃತ್ತು, ನರಕೋಶಗಳನ್ನು ಒಟ್ಟಿಗೆ ಪಡೆಯುವುದು ಈ ದಾರಿಯಿಂದಲೇ ಸಾಧ್ಯ.

## ಕೆಲಸ ಮಾಡುವ ಬಗೆ

ಚಿಪ್ ಎಂದರೆ ಕಂಪ್ಯೂಟರಿನ ಚಿಪ್ಪೇ? ಅದರೊಳಗೆ ಏನಿರುತ್ತದೆ?

ಎಲೆಕ್ಟ್ರಾನಿಕ್ ಚಿಪ್‌ಗೂ ಇದಕ್ಕೂ ಇರುವ ನಂಟು ತಯಾರಿಕೆಯ ತಂತ್ರದ್ದು ಮಾತ್ರ. ಪೆನ್‌ಡ್ರೈವಿನಷ್ಟೇ ದೊಡ್ಡದಾದ, ಪಾರದರ್ಶಕ ಸಿಲಿಕೋನ್ ರಬ್ಬರಿನ ತುಂಡಿನೊಳಗೆ ಒಂದು ಮಿಲಿಮೀಟರಿನ ಆಸುಪಾಸಿನ ಅಗಲದ ಕಾಲುವೆಗಳನ್ನು ಮೂಡಿಸಿರುತ್ತಾರೆ.

2010ರಲ್ಲಿ ಹಾರ್ವರ್ಡ್‌ನ ವೀಸ್ ಸಂಸ್ಥೆಯಲ್ಲಿ ಡಾನ್ ಹು ಮತ್ತು ಡೊನಾಲ್ಡ್ ಇಂಗ್ಬರ್ ಸಂಗಡಿಗರೊಂದಿಗೆ ಪ್ರಕಟಿಸಿದ ಶ್ವಾಸಕೋಶದ ಚಿಪ್ ಅನ್ನು ಹತ್ತಿರದಿಂದ ನೋಡಿದರೆ ಈ ತತ್ತ್ವ ಸ್ಪಷ್ಟವಾಗುತ್ತದೆ. ಒಂದರ ಮೇಲೊಂದು ಎರಡು ಕಾಲುವೆಗಳು. ನಡುವೆ ಸುಮಾರು 10 ಮೈಕ್ರೊಮೀಟರ್ ದಪ್ಪದ, ರಂಧ್ರಗಳಿರುವ ಪೊರೆ. ಪೊರೆಯ ಮೇಲ್ಭಾಗದಲ್ಲಿ ವಾಯುಕೋಶದ ಜೀವಕೋಶಗಳು, ಅವುಗಳ ಮೇಲೆ ಗಾಳಿ. ಕೆಳಭಾಗದಲ್ಲಿ ರಕ್ತನಾಳದ ಒಳಪದರದ ಕೋಶಗಳು, ಅವುಗಳ ಕೆಳಗೆ ರಕ್ತದ ಬದಲಿಗೆ ಹರಿಯುವ ಪೋಷಕ ದ್ರವ. ಎರಡೂ ಪಕ್ಕಗಳಲ್ಲಿ ಖಾಲಿ ಕೋಣೆಗಳಿದ್ದು, ಅವುಗಳಿಂದ ಲಯಬದ್ಧವಾಗಿ ಗಾಳಿ ಹೀರಿದಾಗ ಪೊರೆ ಅಡ್ಡಕ್ಕೆ ಹಿಗ್ಗಿ ಮತ್ತೆ ಕುಗ್ಗುತ್ತದೆ. ಅದೇ ಇದರ ಉಸಿರಾಟ.

ಈ ಹಿಗ್ಗುವಿಕೆ ಅಲಂಕಾರಕ್ಕೆ ಇರುವುದಲ್ಲ ಎಂಬುದು 2012ರಲ್ಲಿ ತಿಳಿಯಿತು. ಕ್ಯಾನ್ಸರ್ ಚಿಕಿತ್ಸೆಯಲ್ಲಿ ಬಳಸುವ ಇಂಟರ್‌ಲ್ಯೂಕಿನ್-2 ಕೆಲವು ರೋಗಿಗಳ ಶ್ವಾಸಕೋಶದಲ್ಲಿ ನೀರು ತುಂಬಿಸುತ್ತದೆ. ಅದನ್ನು ಚಿಪ್‌ನ ರಕ್ತನಾಳದ ಕಾಲುವೆಗೆ ಹರಿಸಿದಾಗ ದ್ರವ ಮೇಲಿನ ಗಾಳಿಯ ಕಾಲುವೆಗೆ ಜಿನುಗತೊಡಗಿತು; ಉಸಿರಾಟದ ಚಲನೆ ಇದ್ದಾಗ ಸೋರಿಕೆ ಬಹಳ ಹೆಚ್ಚಿತು. ಪ್ರತಿರಕ್ಷಣಾ ಕೋಶಗಳೇ ಇಲ್ಲದ ಚಿಪ್‌ನಲ್ಲಿಯೂ ಹೀಗಾದದ್ದರಿಂದ, ಆ ಕೋಶಗಳಿಲ್ಲದೆಯೂ ಸೋರಿಕೆ ಶುರುವಾಗಬಲ್ಲದೆಂದು ತಿಳಿಯಿತು. ಬಿಡಿಭಾಗಗಳನ್ನು ಒಂದೊಂದಾಗಿ ತೆಗೆದು ನೋಡುವ ಈ ಅನುಕೂಲ ಇಡೀ ಪ್ರಾಣಿಯಲ್ಲಿ ಸುಲಭವಾಗಿ ಸಿಗದು. ನನ್ನ ದೃಷ್ಟಿಯಲ್ಲಿ ಚಿಪ್‌ನ ದೊಡ್ಡ ಶಕ್ತಿ ಇರುವುದು ಇಲ್ಲಿಯೇ.

ತಟ್ಟೆಯಲ್ಲಿ ಕೋಶ ಬೆಳೆಸಿ ಅದರ ಮೇಲೆ ಔಷಧ ಹಾಕಿ ನೋಡಿದರೆ ಸಾಲದೇ?

ಔಷಧ ಕೋಶವನ್ನು ತಕ್ಷಣ ಕೊಲ್ಲುತ್ತದೆಯೇ ಎಂದು ತಿಳಿಯಲು ಸಾಕು. ಸಾವಿರಾರು ರಾಸಾಯನಿಕಗಳನ್ನು ಮೊದಲ ಸುತ್ತಿನಲ್ಲಿ ಜರಡಿ ಹಿಡಿಯಲು ಈಗಲೂ ಅದೇ ಸರಿಯಾದ ದಾರಿ. ತೊಂದರೆ ಬರುವುದು ನಿಧಾನವಾಗಿ ಕೆಲಸ ಮಾಡುವ ವಿಷಗಳಲ್ಲಿ. ಗಟ್ಟಿ ಪ್ಲಾಸ್ಟಿಕ್‌ನ ಮೇಲೆ ಚಪ್ಪಟೆಯಾಗಿ ಹರಡಿದ ಯಕೃತ್ತಿನ ಕೋಶಗಳು ಕೆಲವೇ ದಿನಗಳಲ್ಲಿ ಔಷಧವನ್ನು ಒಡೆಯುವ ಕಿಣ್ವಗಳನ್ನು ತಯಾರಿಸುವುದನ್ನು ಕಡಿಮೆ ಮಾಡುತ್ತವೆ. ಪ್ಯಾರಸಿಟಮಾಲ್‌ನಂಥ ಔಷಧವು ತಾನಾಗಿ ವಿಷವಲ್ಲ. ಅತಿಯಾದಾಗ ಯಕೃತ್ತಿನ ಕಿಣ್ವಗಳು ಅದರ ಒಂದು ಪಾಲನ್ನು ವಿಷಕಾರಿ ರೂಪಕ್ಕೆ ತಿರುಗಿಸುತ್ತವೆ. ಕಿಣ್ವಗಳೇ ಸೊರಗಿದ ಕೋಶಗಳು ಅಂಥ ಔಷಧವನ್ನು ನಿರಪಾಯಕಾರಿ ಎಂದು ತೋರಿಸುವ ಸಾಧ್ಯತೆ ಇದೆ. ನೆರೆಯ ಕೋಶಗಳ ಒಡನಾಟ, ಮೆದುವಾದ ಆಧಾರ ಮತ್ತು ಹರಿಯುವ ದ್ರವ ಸಿಕ್ಕಿದರೆ ಅದೇ ಕೋಶಗಳು ವಾರಗಟ್ಟಲೆ ತಮ್ಮ ಗುಣವನ್ನು ಉಳಿಸಿಕೊಳ್ಳುತ್ತವೆ.

ಔಷಧ ಹಾನಿ ಮಾಡಿತೆಂದು ಹೇಗೆ ಗೊತ್ತಾಗುತ್ತದೆ? ಚಿಪ್ ಮಾತನಾಡುವುದಿಲ್ಲವಲ್ಲ.

ರೋಗಿಯ ರಕ್ತಪರೀಕ್ಷೆಯಲ್ಲಿ ಏನನ್ನು ನೋಡುತ್ತಾರೋ ಬಹುಮಟ್ಟಿಗೆ ಅದನ್ನೇ ಇಲ್ಲಿಯೂ ನೋಡುತ್ತಾರೆ. ಚಿಪ್‌ನಿಂದ ಹೊರಬರುವ ದ್ರವದಲ್ಲಿ ಆಲ್ಬುಮಿನ್ ಇಳಿದರೆ ಯಕೃತ್ತಿನ ಕೋಶಗಳು ಸೊರಗುತ್ತಿವೆ ಎಂದರ್ಥ. ಎಎಲ್‌ಟಿ ಎಂಬ ಕಿಣ್ವ ಏರಿದರೆ ಕೋಶಗಳು ಒಡೆಯುತ್ತಿವೆ ಎಂದರ್ಥ. ಕರುಳು ಅಥವಾ ಮೆದುಳಿನ ರಕ್ತನಾಳದಂಥ ತಡೆಗೋಡೆಗಳಲ್ಲಿ ಪದರದ ವಿದ್ಯುತ್ ನಿರೋಧವನ್ನು ಅಳೆಯುತ್ತಾರೆ, ಅದು ಕುಸಿದರೆ ಗೋಡೆ ಸೋರುತ್ತಿದೆ. ಹೃದಯದ ಅಂಗಾಂಶದಲ್ಲಿ ಬಡಿತದ ಲಯ ಮತ್ತು ಸಂಕೋಚನದ ಬಲವನ್ನು ನೋಡುತ್ತಾರೆ.

ದೇಹದಲ್ಲಿ ಎಲ್ಲ ಅಂಗಗಳೂ ಒಟ್ಟಿಗೆ ಇರುತ್ತವೆ. ಒಂದೊಂದನ್ನೇ ನೋಡಿದರೆ ಏನು ಪ್ರಯೋಜನ?

ಈ ಆಕ್ಷೇಪ ನ್ಯಾಯವಾದದ್ದು. ಅಲರ್ಜಿಗೆ ಕೊಡುತ್ತಿದ್ದ ಟೆರ್ಫೆನಡಿನ್‌ನ ಕಥೆ ಅದಕ್ಕೆ ಒಳ್ಳೆಯ ನಿದರ್ಶನ. ಆ ಔಷಧ ಹೃದಯದ ಕೋಶಗಳಲ್ಲಿ ಪೊಟ್ಯಾಸಿಯಂ ಹಾದುಹೋಗುವ ಒಂದು ದ್ವಾರವನ್ನು ಮುಚ್ಚಿ, ಲಯವನ್ನು ಅಪಾಯಕಾರಿಯಾಗಿ ತಪ್ಪಿಸಬಲ್ಲದು. ಆದರೆ ನುಂಗಿದ ಮಾತ್ರೆ ಹೃದಯವನ್ನು ಮುಟ್ಟುವ ಮೊದಲೇ ಯಕೃತ್ತು ಅದನ್ನು ಹೆಚ್ಚೂಕಡಿಮೆ ಪೂರ್ತಿಯಾಗಿ ಫೆಕ್ಸೊಫೆನಡಿನ್ ಎಂಬ ಸುರಕ್ಷಿತ ರೂಪಕ್ಕೆ ಬದಲಿಸುತ್ತಿತ್ತು. ಶಿಲೀಂಧ್ರದ ಸೋಂಕಿಗೆ ಕೊಡುವ ಕೀಟೊಕೊನಜೋಲ್ ಆ ಕಿಣ್ವವನ್ನೇ ತಡೆಯುತ್ತದೆ; ಎರಡನ್ನೂ ಒಟ್ಟಿಗೆ ತೆಗೆದುಕೊಂಡವರಲ್ಲಿ ಟೆರ್ಫೆನಡಿನ್ ಬದಲಾಗದೆ ಹೃದಯಕ್ಕೆ ತಲುಪಿತು. 1990ರ ದಶಕದ ಕೊನೆಯಲ್ಲಿ ಅಮೆರಿಕದ ಮಾರುಕಟ್ಟೆಯಿಂದ ಅದು ಮರೆಯಾಗಿ, ಫೆಕ್ಸೊಫೆನಡಿನ್ ಸ್ವತಃ ಔಷಧವಾಗಿ ಬಂತು. ಹೃದಯದ ಮಾದರಿ ಒಂದನ್ನೇ ಕೇಳಿದರೆ ಟೆರ್ಫೆನಡಿನ್ ಕೆಟ್ಟದ್ದು, ಯಕೃತ್ತಿನ ಮಾದರಿ ಒಂದನ್ನೇ ಕೇಳಿದರೆ ನಿರಪಾಯಕಾರಿ. ಎರಡನ್ನೂ ಒಂದೇ ದ್ರವದ ಹರಿವಿನಲ್ಲಿ ಜೋಡಿಸಿದಾಗಲೇ ನಿಜಸ್ಥಿತಿ ಹೊರಬೀಳುತ್ತದೆ.

ಕಾರ್ನೆಲ್ ವಿಶ್ವವಿದ್ಯಾಲಯದ ಮೈಕೆಲ್ ಶುಲರ್ ಇಂಥ ಜೋಡಣೆಯ ಕಲ್ಪನೆಯನ್ನು ಬಹಳ ಹಿಂದೆಯೇ ಮುಂದಿಟ್ಟಿದ್ದರು. 2018ರಲ್ಲಿ ಎಂಐಟಿಯ ಲಿಂಡಾ ಗ್ರಿಫಿತ್ ಅವರ ತಂಡ ಹತ್ತು ಅಂಗಗಳ ಮಾದರಿಗಳನ್ನು ಜೋಡಿಸಿ ನಾಲ್ಕು ವಾರ ನಡೆಸಿ ತೋರಿಸಿತು. ಆದರೂ ದಿನನಿತ್ಯದ ಔಷಧ ಪರೀಕ್ಷೆಗೆ ಎರಡು, ಹೆಚ್ಚೆಂದರೆ ಮೂರು ಅಂಗಗಳ ಜೋಡಣೆಯೇ ಹೆಚ್ಚು ವಿವೇಕದ್ದು ಎನ್ನಿಸುತ್ತದೆ. ಎಲ್ಲ ಕೋಶಗಳಿಗೂ ಒಗ್ಗುವ ಒಂದೇ ಪೋಷಕ ದ್ರವ ಇಲ್ಲವಾದ್ದರಿಂದ, ಅಂಗಗಳು ಹೆಚ್ಚಿದಂತೆ ಪ್ರತಿಯೊಂದೂ ಅಷ್ಟಷ್ಟು ರಾಜಿ ಮಾಡಿಕೊಳ್ಳಬೇಕಾಗುತ್ತದೆ.

## ನಂಬಿಕೆ, ಕಾನೂನು, ಬಳಕೆ

ಇವು ಪ್ರಾಣಿಗಳಿಗಿಂತ ಚೆನ್ನಾಗಿ ಮುನ್ಸೂಚನೆ ಕೊಡುತ್ತವೆ ಎನ್ನುವುದಕ್ಕೆ ಪುರಾವೆ ಇದೆಯೇ?

ಒಂದು ಅಂಗಕ್ಕೆ, ಒಂದು ಬಗೆಯ ಪ್ರಶ್ನೆಗೆ ಇದೆ. 2022ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ 870 ಯಕೃತ್ತಿನ ಚಿಪ್‌ಗಳ ಮೇಲೆ 27 ಔಷಧಗಳನ್ನು ಪರೀಕ್ಷಿಸಲಾಯಿತು. ಅವುಗಳಲ್ಲಿ ಕೆಲವು ಪ್ರಾಣಿ ಪರೀಕ್ಷೆಯಲ್ಲಿ ಪಾರಾಗಿ ಬಂದು, ಆಮೇಲೆ ಮನುಷ್ಯರ ಯಕೃತ್ತಿಗೆ ಹಾನಿ ಮಾಡಿದವು, ಕೆಲವು ನಿರಪಾಯಕಾರಿ. ಹಾನಿಕಾರಕ ಔಷಧಗಳ ಪೈಕಿ ಶೇ. 87ರಷ್ಟನ್ನು ಚಿಪ್ ಗುರುತಿಸಿತು, ನಿರಪಾಯಕಾರಿಯಾದ ಒಂದನ್ನೂ ತಪ್ಪಾಗಿ ಹಾನಿಕಾರಕ ಎನ್ನಲಿಲ್ಲ.

ಈ ಅಂಕಿಗಳನ್ನು ಉಲ್ಲೇಖಿಸುವವರು ಸಾಮಾನ್ಯವಾಗಿ ಬಿಟ್ಟುಬಿಡುವ ಎರಡು ಸಂಗತಿಗಳಿವೆ. ಅಧ್ಯಯನವನ್ನು ಮುನ್ನಡೆಸಿದ್ದು ಆ ಚಿಪ್ ತಯಾರಿಸುವ ಎಮ್ಯುಲೇಟ್ ಕಂಪನಿಯೇ. ಮತ್ತು 27 ಔಷಧಗಳೆಂದರೆ, ಅವನ್ನು ಎಷ್ಟೇ ಜಾಗ್ರತೆಯಿಂದ ಆರಿಸಿದ್ದರೂ, ಚಿಕ್ಕ ಪಟ್ಟಿ. ಫಲಿತಾಂಶ ಸುಳ್ಳೆಂದು ಇದರ ಅರ್ಥವಲ್ಲ. ಯಕೃತ್ತಿನ ವಿಷತ್ವಕ್ಕೆ ಸಿಕ್ಕ ಶೇ. 87ನ್ನು ಮೂತ್ರಪಿಂಡಕ್ಕೋ ಮೆದುಳಿಗೋ ಎರವಲು ಕೊಡಲು ಬರುವುದಿಲ್ಲ ಎಂದಷ್ಟೇ ಅರ್ಥ.

ಸರಕಾರಗಳು ಇಂಥ ಫಲಿತಾಂಶಗಳನ್ನು ಒಪ್ಪುತ್ತವೆಯೇ?

ಕೆಲವು ಕಡೆ, ಕೆಲವು ಉದ್ದೇಶಗಳಿಗೆ ಒಪ್ಪುತ್ತವೆ. ಎಲ್ಲಕ್ಕಿಂತ ಮೊದಲು ಒಪ್ಪಿಗೆ ಪಡೆದದ್ದು ಸದ್ದಿಲ್ಲದೆ ಬಂದ ಚರ್ಮದ ಮಾದರಿ: ಮಾನವ ಕೋಶಗಳಿಂದ ಮರುಕಟ್ಟಿದ ಹೊರಚರ್ಮದ ಮೇಲೆ ರಾಸಾಯನಿಕಗಳ ಸುಡುವ ಗುಣವನ್ನು ಪರೀಕ್ಷಿಸುವ ವಿಧಾನಕ್ಕೆ ಹಲವು ದೇಶಗಳ ಆರ್ಥಿಕ ಸಹಕಾರ ಸಂಘಟನೆಯಾದ ಒಇಸಿಡಿ 2004ರಲ್ಲಿಯೂ, ಚರ್ಮದ ಉರಿಯನ್ನು ಪರೀಕ್ಷಿಸುವ ವಿಧಾನಕ್ಕೆ 2010ರಲ್ಲಿಯೂ ಮಾರ್ಗಸೂಚಿ ಹೊರಡಿಸಿತು.

ಔಷಧಗಳ ವಿಚಾರದಲ್ಲಿ ಅಮೆರಿಕದ 1938ರ ಕಾಯಿದೆಯಿಂದ ಬಂದಿದ್ದ ಪ್ರಾಣಿ ಪರೀಕ್ಷೆಯ ಕಡ್ಡಾಯವನ್ನು 2022ರ ಡಿಸೆಂಬರಿನಲ್ಲಿ ಸಹಿಯಾದ ತಿದ್ದುಪಡಿ ತೆಗೆದುಹಾಕಿತು. ಅದು ಪ್ರಾಣಿ ಪ್ರಯೋಗವನ್ನು ನಿಷೇಧಿಸಲಿಲ್ಲ; ಕೋಶ ಆಧಾರಿತ ಮಾದರಿ, ಚಿಪ್, ಕಂಪ್ಯೂಟರ್ ಲೆಕ್ಕಾಚಾರಗಳನ್ನೂ ಆಧಾರವಾಗಿ ಸಲ್ಲಿಸಬಹುದು ಎಂದಿತು. 2025ರ ಏಪ್ರಿಲಿನಲ್ಲಿ ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ, ಮೊನೊಕ್ಲೋನಲ್ ಪ್ರತಿಕಾಯಗಳಿಂದ (ಒಂದೇ ಗುರಿಗೆ ಅಂಟಿಕೊಳ್ಳುವಂತೆ ತಯಾರಿಸಿದ ಪ್ರತಿಕಾಯಗಳಿಂದ) ಆರಂಭಿಸಿ ಪ್ರಾಣಿ ಪರೀಕ್ಷೆಯನ್ನು ಹಂತಹಂತವಾಗಿ ತಗ್ಗಿಸುವ ಯೋಜನೆಯನ್ನು ಪ್ರಕಟಿಸಿತು. ಭಾರತವೂ 2019ರ ಹೊಸ ಔಷಧ ಮತ್ತು ಕ್ಲಿನಿಕಲ್ ಪ್ರಯೋಗ ನಿಯಮಗಳನ್ನು 2023ರಲ್ಲಿ ತಿದ್ದಿ, ಪ್ರಾಣಿಯೇತರ ವಿಧಾನಗಳಿಗೆ ಅವಕಾಶ ಕಲ್ಪಿಸಿದೆ.

ಹಾಗಾದರೆ ಪ್ರಾಣಿ ಪ್ರಯೋಗ ಪೂರ್ತಿಯಾಗಿ ನಿಲ್ಲುತ್ತದೆಯೇ?

ಸದ್ಯಕ್ಕೆ ಇಲ್ಲ. ಗರ್ಭಾವಸ್ಥೆಯ ಉದ್ದಕ್ಕೂ ಆಗುವ ಪರಿಣಾಮ, ವರ್ಷಗಟ್ಟಲೆ ಸೇವನೆಯಿಂದ ಬರುವ ಕ್ಯಾನ್ಸರ್, ವರ್ತನೆಯ ಬದಲಾವಣೆ ಇವನ್ನು ಇಂದಿನ ಯಾವ ಚಿಪ್ಪೂ ತೋರಿಸಲಾರದು. ಪ್ರಾಣಿಗಳು ಹೇಗೂ ತಪ್ಪು ಉತ್ತರ ಕೊಡುತ್ತವೆಂದು ಗೊತ್ತಿರುವ ಕಡೆಗಳಲ್ಲಿ ಬದಲಾವಣೆ ಮೊದಲು ಬರುತ್ತದೆ, ಬರಬೇಕು ಕೂಡ. ಮಾನವ ಪ್ರೋಟೀನಿಗಷ್ಟೇ ಅಂಟಿಕೊಳ್ಳುವ ಪ್ರತಿಕಾಯಗಳು, ಪ್ರಾಣಿ ಮಾದರಿಯೇ ಇಲ್ಲದ ಅಪರೂಪದ ಕಾಯಿಲೆಗಳು ಅಂಥ ಕಡೆಗಳು. ನರಗಳ ಹೊದಿಕೆಯನ್ನು ದೇಹವೇ ನಾಶಮಾಡುವ ಒಂದು ಅಪರೂಪದ ಕಾಯಿಲೆಗೆ ಸುಟಿಮ್ಲಿಮ್ಯಾಬ್ ಔಷಧವನ್ನು ಪ್ರಯೋಗಿಸಲು ಅನುಮತಿ ಕೇಳುವಾಗ ಅದರ ಪರಿಣಾಮಕಾರಿತ್ವಕ್ಕೆ ಮಾನವ ಕೋಶಗಳ ಚಿಪ್‌ನ ಫಲಿತಾಂಶವನ್ನು ಮುಂದಿಡಲಾಗಿತ್ತು. ಸುರಕ್ಷತೆಯ ಮಾಹಿತಿ ಮಾತ್ರ ಅದೇ ಔಷಧದ ಹಿಂದಿನ ಬಳಕೆಯಿಂದ ಬಂದದ್ದು.

ನನ್ನದೇ ಕೋಶಗಳಿಂದ ಮಾದರಿ ಮಾಡಿ ನನಗೆ ಯಾವ ಔಷಧ ಹಿಡಿಸುತ್ತದೆಂದು ಹೇಳಬಹುದೇ?

ಒಂದು ಕಾಯಿಲೆಯಲ್ಲಿ ಇದು ಚೆನ್ನಾಗಿ ಸಾಧ್ಯವಾಗಿದೆ. ಶ್ವಾಸಕೋಶ ಮತ್ತು ಜೀರ್ಣಾಂಗಗಳನ್ನು ಕಾಡುವ ಆನುವಂಶಿಕ ಕಾಯಿಲೆಯಾದ ಸಿಸ್ಟಿಕ್ ಫೈಬ್ರೋಸಿಸ್‌ನಲ್ಲಿ ಕ್ಲೋರೈಡ್ ಅಯಾನುಗಳನ್ನು ಹೊರಬಿಡುವ ಒಂದು ಪ್ರೋಟೀನು ಕೆಟ್ಟಿರುತ್ತದೆ. ರೋಗಿಯ ಗುದನಾಳದಿಂದ ಸಣ್ಣ ಚೂರು ತೆಗೆದು ಬೆಳೆಸಿದ ಆರ್ಗನಾಯ್ಡ್‌ಗಳಿಗೆ ಫಾರ್ಸ್ಕೊಲಿನ್ ಎಂಬ ರಾಸಾಯನಿಕವನ್ನು ಸೇರಿಸಿ ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಆರೋಗ್ಯವಂತರ ಆರ್ಗನಾಯ್ಡ್‌ಗಳು ಒಳಕ್ಕೆ ದ್ರವ ತುಂಬಿಕೊಂಡು ಗಂಟೆಯೊಳಗೆ ಊದಿಕೊಳ್ಳುತ್ತವೆ. ರೋಗಿಯವು ಇದ್ದ ಹಾಗೆಯೇ ಉಳಿಯುತ್ತವೆ, ಅಥವಾ ಅಲ್ಪಸ್ವಲ್ಪ ಊದುತ್ತವೆ. ಔಷಧವನ್ನು ಸೇರಿಸಿದಾಗ ಅವೂ ಊದಿದರೆ ಆ ರೋಗಿಗೆ ಅದು ಕೆಲಸ ಮಾಡುವ ಸಾಧ್ಯತೆ ಹೆಚ್ಚು. 2013ರಲ್ಲಿ ಉಟ್ರೆಕ್ಟ್‌ನ ಸಂಶೋಧಕರು ಪ್ರಕಟಿಸಿದ ಈ ಪರೀಕ್ಷೆಯಿಂದ, ಕ್ಲಿನಿಕಲ್ ಪ್ರಯೋಗ ನಡೆಸಲಾಗದಷ್ಟು ಅಪರೂಪದ ಜೀನ್ ದೋಷವಿದ್ದವರಿಗೂ ಔಷಧ ಆರಿಸಲು ದಾರಿಯಾಯಿತು.

ಕ್ಯಾನ್ಸರಿನಲ್ಲಿ ಇದೇ ಪ್ರಯತ್ನಗಳು ನಡೆಯುತ್ತಿವೆ. ಆದರೆ ಗಡ್ಡೆಯ ಒಂದು ಚೂರು ಇಡೀ ಗಡ್ಡೆಯನ್ನು ಪ್ರತಿನಿಧಿಸದೆ ಇರಬಹುದು. ಆರ್ಗನಾಯ್ಡ್ ಬೆಳೆಯುವಷ್ಟು ವಾರ ಕಾಯುವ ಬಿಡುವು ಎಲ್ಲ ರೋಗಿಗಳಿಗೂ ಇರುವುದಿಲ್ಲ.

## ಒಳಗಿನ ತೊಡಕುಗಳು

ಔಷಧವನ್ನು ಸರಿಯಾದ ಪ್ರಮಾಣದಲ್ಲೇ ಹಾಕಿದ್ದೇವೆ, ಆದರೂ ಚಿಪ್‌ನಲ್ಲಿ ಪರಿಣಾಮ ಕಾಣುತ್ತಿಲ್ಲ. ಏನಾಗಿರಬಹುದು?

ಮೊದಲು ಚಿಪ್‌ನ ಗೋಡೆಗಳನ್ನು ಅನುಮಾನಿಸಿ. ಬಹುಪಾಲು ಚಿಪ್‌ಗಳನ್ನು ಮಾಡುವ ಪಿಡಿಎಂಎಸ್ ಎಂಬ ಸಿಲಿಕೋನ್ ಪಾರದರ್ಶಕ, ಹಿಗ್ಗಬಲ್ಲದು, ಆಮ್ಲಜನಕವನ್ನು ಒಳಬಿಡಬಲ್ಲದು. ಆದರೆ ನೀರಿಗಿಂತ ಕೊಬ್ಬಿನಲ್ಲಿ ಸುಲಭವಾಗಿ ಕರಗುವ ಸಣ್ಣ ಅಣುಗಳನ್ನು ಅದು ಹೀರಿಕೊಂಡುಬಿಡುತ್ತದೆ. ಔಷಧಗಳಲ್ಲಿ ಅಂಥವು ಬಹಳ. ಕೋಶಗಳಿಲ್ಲದ ಖಾಲಿ ಚಿಪ್‌ನಲ್ಲಿ ಔಷಧವನ್ನು ಹರಿಸಿ, ಒಳಹೋದ ಮತ್ತು ಹೊರಬಂದ ಪ್ರಮಾಣಗಳನ್ನು ಅಳೆದು ಹೋಲಿಸುವುದು ಕಡ್ಡಾಯವಾಗಬೇಕಾದ ಮೊದಲ ಹೆಜ್ಜೆ. ನಷ್ಟ ಹೆಚ್ಚಿದ್ದರೆ ಗಾಜು ಅಥವಾ ಗಟ್ಟಿ ಪ್ಲಾಸ್ಟಿಕ್‌ನ ಚಿಪ್‌ಗೆ ಹೋಗುವುದು ಒಳಿತು, ಹಿಗ್ಗುವ ಗುಣ ಮತ್ತು ಆಮ್ಲಜನಕದ ಸರಾಗ ಹಾದಿ ಕೈತಪ್ಪುತ್ತವೆ ಎಂಬುದು ನೆನಪಿರಲಿ.

ಚಿಪ್‌ನಲ್ಲಿ ವಿಷವೆನಿಸಿದ ಪ್ರಮಾಣವನ್ನು ಮನುಷ್ಯರ ಮಾತ್ರೆಯ ಪ್ರಮಾಣಕ್ಕೆ ಹೇಗೆ ಹೊಂದಿಸುತ್ತಾರೆ?

ಮಾತ್ರೆಯ ತೂಕಕ್ಕೆ ನೇರವಾಗಿ ಹೊಂದಿಸುವುದಿಲ್ಲ. ಔಷಧ ತೆಗೆದುಕೊಂಡ ವ್ಯಕ್ತಿಯ ರಕ್ತದಲ್ಲಿ ಅದು ಏರುವ ಗರಿಷ್ಠ ಸಾಂದ್ರತೆಯನ್ನು ಅಳತೆಗೋಲಾಗಿ ಇಟ್ಟುಕೊಂಡು, ಅದರ ಎಷ್ಟು ಪಟ್ಟಿನಲ್ಲಿ ಹಾನಿ ಕಾಣಿಸಿತೆಂದು ಹೇಳುತ್ತಾರೆ. ಇಲ್ಲಿ ಒಂದು ಎಡವಟ್ಟಿನ ಜಾಗವಿದೆ. ರಕ್ತದಲ್ಲಿ ಅನೇಕ ಔಷಧಗಳ ಹೆಚ್ಚಿನ ಪಾಲು ಆಲ್ಬುಮಿನ್‌ನಂಥ ಪ್ರೋಟೀನುಗಳಿಗೆ ಅಂಟಿಕೊಂಡಿರುತ್ತದೆ. ರಕ್ತ ಹೆಪ್ಪುಗಟ್ಟದಂತೆ ಕೊಡುವ ವಾರ್ಫರಿನ್‌ನಲ್ಲಿ ಈ ಪಾಲು ಸುಮಾರು ಶೇ. 99. ಕೋಶದೊಳಗೆ ಹೋಗಿ ಕೆಲಸ ಮಾಡುವುದು ಬಿಡಿಯಾಗಿ ಉಳಿದ ಅಲ್ಪ ಪಾಲು ಮಾತ್ರ. ಚಿಪ್‌ನ ಪೋಷಕ ದ್ರವದಲ್ಲಿ ಪ್ರೋಟೀನು ಕಡಿಮೆಯಾದ್ದರಿಂದ, ಒಟ್ಟು ಸಾಂದ್ರತೆ ಒಂದೇ ಆಗಿದ್ದರೂ ಅಲ್ಲಿನ ಕೋಶಗಳಿಗೆ ತಗಲುವ ಔಷಧ ಎಷ್ಟೋ ಪಟ್ಟು ಹೆಚ್ಚಾಗಿಬಿಡುತ್ತದೆ. ಎರಡೂ ಕಡೆ ಬಿಡಿ ಪಾಲನ್ನೇ ಹೋಲಿಸಬೇಕು. ಈ ತಿದ್ದುಪಡಿಯನ್ನು ಹೇಗೆ ಮಾಡಿದ್ದಾರೆಂದು ಬರೆಯದ ವರದಿಯ ಮೇಲೆ ನಾನು ಹೆಚ್ಚು ಭಾರ ಹಾಕುವುದಿಲ್ಲ.

ಆಕರಕೋಶದಿಂದ ಮಾಡಿದ ಹೃದಯದ ಕೋಶಗಳು ಬಡಿಯುತ್ತವೆ. ಅಷ್ಟು ಸಾಲದೇ?

ಅವು ತಾವಾಗಿಯೇ ಬಡಿಯುವುದೇ ಎಳಸುತನದ ಗುರುತು. ವಯಸ್ಕ ಹೃದಯದ ಕೆಳಕೋಣೆಗಳ ಸ್ನಾಯುಕೋಶಗಳು ಸಂಕೇತ ಬಂದಾಗ ಮಾತ್ರ ಸಂಕುಚಿಸುತ್ತವೆ. ತಟ್ಟೆಯಲ್ಲಿ ಹುಟ್ಟಿದ ಕೋಶಗಳು ಭ್ರೂಣದ ಕೋಶಗಳನ್ನು ಹೆಚ್ಚಾಗಿ ಹೋಲುತ್ತವೆ: ಕೊಬ್ಬಿನಾಮ್ಲದ ಬದಲು ಗ್ಲೂಕೋಸ್‌ನಿಂದ ಶಕ್ತಿ ಪಡೆಯುತ್ತವೆ, ಅವುಗಳ ಸ್ನಾಯುತಂತುಗಳ ಸಾಲು ಅಸ್ತವ್ಯಸ್ತವಾಗಿರುತ್ತದೆ. 2018ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದ ಗೊರ್ಡಾನಾ ವುಂಜಕ್-ನೊವಾಕೊವಿಚ್ ಅವರ ತಂಡ, ಇಂಥ ಅಂಗಾಂಶವನ್ನು ಆಧಾರಗಳ ನಡುವೆ ಬಿಗಿದು, ದಿನದಿಂದ ದಿನಕ್ಕೆ ವಿದ್ಯುತ್ ಪ್ರಚೋದನೆಯ ವೇಗವನ್ನು ಏರಿಸುತ್ತಾ ಹೋದರೆ ನಾಲ್ಕು ವಾರಗಳಲ್ಲಿ ಅದು ವಯಸ್ಕ ಲಕ್ಷಣಗಳತ್ತ ಸಾಗುತ್ತದೆಂದು ತೋರಿಸಿತು. ಲಯ ತಪ್ಪಿಸುವ ಔಷಧವನ್ನು ಪತ್ತೆ ಮಾಡಲು ಎಳೆಯ ಕೋಶಗಳೂ ಸಾಕಾಗಬಹುದು; ಸಂಕೋಚನದ ಬಲ ಹೆಚ್ಚಿಸುವ ಔಷಧದ ಪರೀಕ್ಷೆಗೆ ಸಾಲವು.

ಅದೇ ವಿಧಾನ ಅನುಸರಿಸಿದರೂ ಬೇರೆ ಪ್ರಯೋಗಾಲಯದ ಫಲಿತಾಂಶ ನಮಗೇಕೆ ಬರುವುದಿಲ್ಲ?

ದೊಡ್ಡ ಅಪರಾಧಿ ಸಾಮಾನ್ಯವಾಗಿ ಜೆಲ್. ಆರ್ಗನಾಯ್ಡ್ ಬೆಳೆಸಲು ಹೆಚ್ಚಾಗಿ ಬಳಸುವ ಮ್ಯಾಟ್ರಿಜೆಲ್ ಇಲಿಯ ಗಡ್ಡೆಯೊಂದರಿಂದ ತೆಗೆದದ್ದು. ಸಾವಿರಕ್ಕೂ ಹೆಚ್ಚು ಬಗೆಯ ಪ್ರೋಟೀನುಗಳಿರುವ ಅದರ ಗುಣ ತಯಾರಿಕೆಯ ಕಂತಿನಿಂದ ಕಂತಿಗೆ ಬದಲಾಗುತ್ತದೆ. (ಪ್ರಾಣಿರಹಿತ ಪರೀಕ್ಷೆ ಎಂದು ಹೆಮ್ಮೆಯಿಂದ ಹೇಳಿಕೊಳ್ಳುವ ಎಷ್ಟೋ ಮಾದರಿಗಳು ಇಲಿಯ ಗಡ್ಡೆಯ ಮೇಲೆ, ಕರುವಿನ ಭ್ರೂಣದ ಸೀರಂ ಕುಡಿದು ಬೆಳೆಯುತ್ತವೆ.) ಆ ನಂತರ ದಾನಿಗಳ ನಡುವಿನ ವ್ಯತ್ಯಾಸ. ಚಿಪ್‌ಗಳಲ್ಲಿ ಇನ್ನೊಂದು ಕಾಟವಿದೆ: ಗಾಳಿಯ ಗುಳ್ಳೆ. ತಣ್ಣಗಿದ್ದ ದ್ರವ 37 ಡಿಗ್ರಿಯ ಪೆಟ್ಟಿಗೆಯೊಳಗೆ ಬೆಚ್ಚಗಾದಾಗ ಕರಗಿದ ಗಾಳಿ ಹೊರಬಂದು ಗುಳ್ಳೆಯಾಗುತ್ತದೆ. ಅದು ಕಾಲುವೆಯಲ್ಲಿ ಉರುಳುತ್ತಾ ಹೋದ ದಾರಿಯಲ್ಲಿ ಕೋಶಗಳ ಪದರ ಕಿತ್ತುಬರುತ್ತದೆ. ದ್ರವವನ್ನು ಮೊದಲೇ ಬೆಚ್ಚಗೆ ಮಾಡಿ ನಿರ್ವಾತದಲ್ಲಿ ಗಾಳಿ ತೆಗೆಯುವ ಹೆಜ್ಜೆಯನ್ನು ವಿಧಾನದ ಬರಹದಲ್ಲಿ ಒಂದೇ ಸಾಲಿನಲ್ಲಿ ಹೇಳಿರುತ್ತಾರೆ, ಕೆಲವೊಮ್ಮೆ ಹೇಳಿಯೇ ಇರುವುದಿಲ್ಲ.

ಮೆದುಳಿನ ಆರ್ಗನಾಯ್ಡ್‌ಗೆ ನೋವಾಗುತ್ತದೆಯೇ? ಅದು ಯೋಚಿಸುತ್ತದೆಯೇ?

2013ರಲ್ಲಿ ವಿಯೆನ್ನಾದಲ್ಲಿ ಮ್ಯಾಡಲಿನ್ ಲ್ಯಾಂಕಾಸ್ಟರ್ ಮತ್ತು ಯುರ್ಗೆನ್ ನೊಬ್ಲಿಶ್ ಪರಿಚಯಿಸಿದ ಇಂಥ ಆರ್ಗನಾಯ್ಡ್‌ಗಳು ಕೆಲವು ಮಿಲಿಮೀಟರಿನಷ್ಟು ದೊಡ್ಡವಾಗುತ್ತವೆ. ರಕ್ತನಾಳಗಳಿಲ್ಲದ ಕಾರಣ ನಡುಭಾಗಕ್ಕೆ ಆಮ್ಲಜನಕ ತಲುಪದೆ ಅಲ್ಲಿನ ಕೋಶಗಳು ಸಾಯುತ್ತವೆ. ನೋವನ್ನು ತರುವ ಸಂವೇದಕ ನರಗಳಾಗಲಿ, ದೇಹವಾಗಲಿ ಅವುಗಳಿಗಿಲ್ಲ. ಆದ್ದರಿಂದ ಇಂದಿನ ಆರ್ಗನಾಯ್ಡ್‌ಗೆ ನಮ್ಮ ಅರ್ಥದಲ್ಲಿ ನೋವಾಗುತ್ತದೆ ಎನ್ನಲು ಆಧಾರವಿಲ್ಲ. ಅವುಗಳ ಉಪಯೋಗ ಮಾತ್ರ ಗಂಭೀರವಾದದ್ದು. 2016ರಲ್ಲಿ ಝಿಕಾ ವೈರಸ್ ಎಳೆಯ ನರಕೋಶಗಳನ್ನು ಹೇಗೆ ಕೊಲ್ಲುತ್ತದೆಂದು ತೋರಿಸುವಲ್ಲಿ ಅವು ಮುಖ್ಯ ಪಾತ್ರ ವಹಿಸಿದವು.

ಆದರೂ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. 2019ರಲ್ಲಿ ಕ್ಯಾಲಿಫೋರ್ನಿಯಾದ ಸಂಶೋಧಕರು ತಿಂಗಳುಗಟ್ಟಲೆ ಬೆಳೆಸಿದ ಆರ್ಗನಾಯ್ಡ್‌ಗಳಲ್ಲಿ, ಅವಧಿಗೆ ಮುನ್ನ ಹುಟ್ಟಿದ ಶಿಶುಗಳ ಮಿದುಳಿನ ಅಲೆಗಳನ್ನು ಕೆಲವು ಅಂಶಗಳಲ್ಲಿ ಹೋಲುವ ವಿದ್ಯುತ್ ಚಟುವಟಿಕೆಯನ್ನು ಕಂಡರು. 2022ರಲ್ಲಿ ಮಾನವ ಆರ್ಗನಾಯ್ಡ್‌ಗಳನ್ನು ಇಲಿಮರಿಗಳ ಮೆದುಳಿಗೆ ಕಸಿ ಮಾಡಿದಾಗ ಅವು ಅಲ್ಲಿನ ನರಜಾಲದೊಂದಿಗೆ ಬೆಸೆದುಕೊಂಡವು. ಅಲೆಗಳು ಹೋಲುವುದರಿಂದಲೇ ಅನುಭವ ಇದೆಯೆಂದಾಗುವುದಿಲ್ಲ. ತುರ್ತಾಗಿ ಇತ್ಯರ್ಥವಾಗಬೇಕಾದ ವಿಷಯ ಕೋಶಗಳನ್ನು ಕೊಟ್ಟ ವ್ಯಕ್ತಿಯ ಒಪ್ಪಿಗೆಗೆ ಸಂಬಂಧಿಸಿದ್ದು. ಸಂಶೋಧನೆಗೆಂದು ಚರ್ಮದ ಚೂರು ಕೊಟ್ಟವರು, ಅದರಿಂದ ಮೆದುಳಿನ ಅಂಗಾಂಶ ಬೆಳೆದು ಪ್ರಾಣಿಯೊಂದರ ತಲೆಯೊಳಗೆ ಸೇರಬಹುದೆಂಬುದನ್ನು ತಿಳಿದು ಸಹಿ ಹಾಕಿದ್ದರೇ ಎಂಬುದನ್ನು ಒಪ್ಪಿಗೆ ಪತ್ರದ ಸಾಮಾನ್ಯ ವಾಕ್ಯಗಳಿಂದ ಹೇಳಲಾಗದು; ಅಂಥ ಬಳಕೆಗಳನ್ನು ಹೆಸರಿಸಿ, ಬೇಡವೆನ್ನುವ ಅವಕಾಶವನ್ನೂ ಕೊಡುವ ಪತ್ರಗಳು ಬೇಕು.